ಪುರಾವೆ ನಿಜವೇ ಇರಲಿ, ತೀರ್ಮಾನ ನಿಲ್ಲುತ್ತದೆಯೇ?

ಮೊದಲು ಈ ವಾದವನ್ನು ನಿಧಾನವಾಗಿ ಓದಿ.

"ಒಂದು ನಗರದ ಪಾಲಿಕೆ, ಕಳೆದ ವರ್ಷ ಅತಿ ಹೆಚ್ಚು ಅಪಘಾತ ನಡೆದ ಹತ್ತು ವೃತ್ತಗಳನ್ನು ಗುರುತಿಸಿ ಅಲ್ಲಿ ಕ್ಯಾಮೆರಾ ಹಾಕಿಸಿತು. ಈ ವರ್ಷ ಆ ಹತ್ತು ವೃತ್ತಗಳಲ್ಲಿ ಒಟ್ಟು ಅಪಘಾತಗಳು ಶೇ 30ರಷ್ಟು ಇಳಿದಿವೆ. ಹಾಗಾಗಿ ಅಪಘಾತ ಇಳಿಯಲು ಕ್ಯಾಮೆರಾಗಳೇ ಕಾರಣ."

ಈ ವಾದ ಎಷ್ಟು ಗಟ್ಟಿ ಎಂದು ತೂಗಿ ನೋಡಲು ಕೆಳಗಿನವುಗಳಲ್ಲಿ ಯಾವ ಪ್ರಶ್ನೆಗೆ ಉತ್ತರ ಸಿಕ್ಕರೆ ಎಲ್ಲಕ್ಕಿಂತ ಹೆಚ್ಚು ಉಪಯೋಗ?

ಎ) ಒಂದೊಂದು ಕ್ಯಾಮೆರಾಕ್ಕೆ ಪಾಲಿಕೆ ಎಷ್ಟು ಖರ್ಚು ಮಾಡಿತು?
ಬಿ) ನಗರದ ಒಟ್ಟು ಅಪಘಾತಗಳಲ್ಲಿ ಈ ಹತ್ತು ವೃತ್ತಗಳ ಪಾಲು ಎಷ್ಟು?
ಸಿ) ಕ್ಯಾಮೆರಾದಲ್ಲಿ ಸಿಕ್ಕಿಬಿದ್ದವರಲ್ಲಿ ಎಷ್ಟು ಮಂದಿ ದಂಡ ಕಟ್ಟಿದರು?
ಡಿ) ಹೆಚ್ಚುಕಮ್ಮಿ ಇಷ್ಟೇ ಅಪಘಾತ ನಡೆಯುತ್ತಿದ್ದರೂ ಕ್ಯಾಮೆರಾ ಹಾಕದೆ ಬಿಟ್ಟ ವೃತ್ತಗಳಲ್ಲಿ ಇದೇ ಅವಧಿಯಲ್ಲಿ ಅಪಘಾತ ಏರಿತೇ, ಇಳಿಯಿತೇ?
ಇ) ನಗರದ ಸವಾರರು ಕ್ಯಾಮೆರಾಗಳ ಪರವಾಗಿದ್ದಾರೆಯೇ?

ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಸೇರಲು ಬರೆಯುವ ಜಿಮ್ಯಾಟ್‌ನಲ್ಲಿ ಇಂತಹ ಪ್ರಶ್ನೆಗಳನ್ನು ಕ್ರಿಟಿಕಲ್ ರೀಸನಿಂಗ್ ಎನ್ನುತ್ತಾರೆ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳು ಹೋದವು. ವರ್ಬಲ್ ಎಂಬ ಭಾಷಾ ವಿಭಾಗದಲ್ಲಿ ಈಗ ಉಳಿದಿರುವುದು ಗದ್ಯ ಓದಿ ಉತ್ತರಿಸುವ ಪ್ರಶ್ನೆಗಳು ಮತ್ತು ಇವು ಮಾತ್ರ. ಅಮೆರಿಕದ ಕಾನೂನು ಕಾಲೇಜುಗಳ ಎಲ್‌ಸ್ಯಾಟ್ ಕೂಡ 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಎಂಬ ಒಗಟಿನಂಥ ಪ್ರಶ್ನೆಗಳನ್ನು ಕೈಬಿಟ್ಟಿದೆ. ಅಲ್ಲಿ ಅಂಕಕ್ಕೆ ಬರುವ ಮೂರು ವಿಭಾಗಗಳಲ್ಲಿ ಎರಡು ಈಗ ಲಾಜಿಕಲ್ ರೀಸನಿಂಗ್, ಅಂದರೆ ಇಂಥವೇ ವಾದಗಳ ಪ್ರಶ್ನೆಗಳು. ನಮ್ಮಲ್ಲೂ ಗಾಳಿ ಅತ್ತಲೇ ಬೀಸುತ್ತಿದೆ. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಸೇರಲು ಬರೆಯುವ ಕ್ಲ್ಯಾಟ್ 2020ರಿಂದ ಗದ್ಯಭಾಗ ಓದಿ ಯೋಚಿಸುವ ಪರೀಕ್ಷೆಯಾಗಿದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ 2011ರಿಂದ ಇರುವ ಸಿಸ್ಯಾಟ್ ಎಂಬ ಸಾಮರ್ಥ್ಯ ಪರೀಕ್ಷೆಯ ಪತ್ರಿಕೆಯಲ್ಲೂ, ಬ್ಯಾಂಕ್ ಪರೀಕ್ಷೆಗಳ ರೀಸನಿಂಗ್ ಭಾಗದಲ್ಲೂ ಇದರ ಅಣ್ಣತಮ್ಮಂದಿರು ಸಿಗುತ್ತಾರೆ.

ಎಲ್ಲ ಪರೀಕ್ಷೆಗಳಲ್ಲೂ ಒಂದು ಕರಾರು ಸಮಾನ. ವಾದದಲ್ಲಿ ಪುರಾವೆಯಾಗಿ ಕೊಟ್ಟ ಮಾತನ್ನು ನಿಜವೆಂದು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಮ್ಮ ಹುಡುಗರು ಎಡವುವುದು ಇಲ್ಲಿಯೇ. ವರ್ಷಗಟ್ಟಲೆ ಸಾಮಾನ್ಯ ಜ್ಞಾನ ಓದಿದವರಿಗೆ ಹೇಳಿಕೆ ಕಂಡ ಕೂಡಲೇ "ಇದು ಸರಿಯೋ ತಪ್ಪೋ" ಎಂದು ನೋಡುವ ಚಾಳಿ ಬಿದ್ದಿರುತ್ತದೆ. ಶೇ 30 ಎಂದರೆ "ಅದು ಹೇಗೆ ಗೊತ್ತು, ಪೊಲೀಸರು ಎಲ್ಲ ಕೇಸೂ ಬರೆದುಕೊಳ್ಳುತ್ತಾರಾ" ಎಂದು ಶುರು ಮಾಡುತ್ತಾರೆ. ಬೀದಿಯಲ್ಲಿ ಅದು ಒಳ್ಳೆಯ ಪ್ರಶ್ನೆ. ಪರೀಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ. ಶೇ 30 ಇಳಿದಿದೆ, ಮುಗಿಯಿತು. ಜಗಳವಿರುವುದು ಆ ಇಳಿಕೆಯಿಂದ "ಕ್ಯಾಮೆರಾಗಳೇ ಕಾರಣ" ಎಂಬಲ್ಲಿಗೆ ಲೇಖಕ ಹಾರಿದ್ದರ ಬಗ್ಗೆ ಮಾತ್ರ.

ಆದರೆ ಒಂದು ಸೂಕ್ಷ್ಮವಿದೆ. ಪುರಾವೆ "ದಾಖಲಾದ ಅಪಘಾತಗಳು ಇಳಿದಿವೆ" ಎಂದಿದ್ದು, ತೀರ್ಮಾನ "ಅಪಘಾತಗಳು ಇಳಿದಿವೆ" ಎಂದಿದ್ದರೆ ಆಗ ಪೊಲೀಸರ ಪ್ರಶ್ನೆ ನ್ಯಾಯವಾಗಿಯೇ ಒಳಗೆ ಬರುತ್ತದೆ. ಆಗ ನೀವು ಪುರಾವೆಯನ್ನು ಅಲ್ಲಗಳೆಯುತ್ತಿಲ್ಲ, ದಾಖಲಾದದ್ದಕ್ಕೂ ನಡೆದದ್ದಕ್ಕೂ ನಡುವೆ ಇರುವ ಅಂತರವನ್ನು ತೋರಿಸುತ್ತಿದ್ದೀರಿ. ಪುರಾವೆಯಲ್ಲಿದ್ದ ಪದ ತೀರ್ಮಾನಕ್ಕೆ ಬರುವಷ್ಟರಲ್ಲಿ ಸದ್ದಿಲ್ಲದೆ ಬದಲಾಗಿದೆಯೇ ಎಂದು ನೋಡುವುದು ಅದಕ್ಕೇ ಮುಖ್ಯ. "ಮಾರಾಟ ಹೆಚ್ಚಿತು" ಎಂದು ಹೊರಟದ್ದು "ಲಾಭ ಹೆಚ್ಚಿತು" ಎಂದು ಮುಗಿದಿರುತ್ತದೆ. "ಅರ್ಜಿ ಹಾಕಿದವರು" ಕೊನೆಗೆ "ಅರ್ಹರು" ಆಗಿರುತ್ತಾರೆ. ಪ್ರಶ್ನೆಪತ್ರಿಕೆ ಬರೆಯುವವರಿಗೆ ಈ ಕೈಚಳಕ ಬಲು ಪ್ರೀತಿ.

ಎರಡೂ ತುದಿಯ ಉತ್ತರ ಕೊಟ್ಟು ನೋಡುವುದು

ವಾದವನ್ನು ಬಲಪಡಿಸುವ ಅಥವಾ ದುರ್ಬಲಗೊಳಿಸುವ ಪ್ರಶ್ನೆಗಳಲ್ಲಿ ಆಯ್ಕೆಗಳೇ ಹೇಳಿಕೆಗಳಾಗಿರುತ್ತವೆ. ತೂಗಿ ನೋಡುವ ಪ್ರಶ್ನೆಯಲ್ಲಿ ಆಯ್ಕೆಗಳೂ ಪ್ರಶ್ನೆಗಳೇ. ಉತ್ತರ ಗೊತ್ತಿಲ್ಲದ ಐದು ಪ್ರಶ್ನೆಗಳಲ್ಲಿ ಯಾವುದನ್ನು ಕೇಳುವುದು ಲಾಭ ಎಂದು ಹೇಳಬೇಕು. ಮೊದಮೊದಲು ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಪರೀಕ್ಷಿಸುವ ದಾರಿ ಸರಳ. ಪ್ರತಿ ಆಯ್ಕೆಗೂ ನೀವೇ ಎರಡು ಉತ್ತರ ಕಲ್ಪಿಸಿಕೊಳ್ಳಿ. ಒಂದು ಈ ತುದಿಯದು, ಇನ್ನೊಂದು ಆ ತುದಿಯದು. ಒಂದು ಉತ್ತರಕ್ಕೆ ತೀರ್ಮಾನ ಗಟ್ಟಿಯಾಗಿ, ಇನ್ನೊಂದಕ್ಕೆ ಕುಸಿದರೆ ಅದೇ ಸರಿಯುತ್ತರ. ಯಾವ ಉತ್ತರ ಬಂದರೂ ತೀರ್ಮಾನ ಇದ್ದಲ್ಲೇ ಇದ್ದರೆ ಆ ಆಯ್ಕೆ ಬಿಡಿ.

ಎ ನೋಡೋಣ. ಕ್ಯಾಮೆರಾಕ್ಕೆ ಹತ್ತು ಸಾವಿರ ಆಯಿತು ಎಂದುಕೊಳ್ಳಿ. ಅಪಘಾತ ಇಳಿಯಲು ಕ್ಯಾಮೆರಾ ಕಾರಣವೋ ಅಲ್ಲವೋ ಎಂಬುದು ಬದಲಾಗುತ್ತದೆಯೇ? ಇಲ್ಲ. ಹತ್ತು ಲಕ್ಷ ಆಯಿತು ಎನ್ನಿ. ಆಗಲೂ ಇಲ್ಲ. ಎ ಹೋಯಿತು.

ಬಿ ಸ್ವಲ್ಪ ಜಾಣ ಆಯ್ಕೆ. ನಗರದ ಅಪಘಾತಗಳಲ್ಲಿ ಈ ವೃತ್ತಗಳ ಪಾಲು ಶೇ 2 ಆದರೆ "ಇದೇನು ಮಹಾ ಸಾಧನೆ" ಎನ್ನಿಸುತ್ತದೆ, ಶೇ 60 ಆದರೆ ದೊಡ್ಡ ಸಾಧನೆ ಎನ್ನಿಸುತ್ತದೆ. ಆದರೆ ವಾದ ಹೇಳುತ್ತಿರುವುದು ಸಾಧನೆ ದೊಡ್ಡದೋ ಸಣ್ಣದೋ ಎಂದಲ್ಲ. ಆ ಹತ್ತು ವೃತ್ತಗಳಲ್ಲಿ ಆದ ಇಳಿಕೆಗೆ ಕಾರಣ ಯಾವುದು ಎಂದಷ್ಟೇ. ಬಿ ಕೂಡ ಹೋಯಿತು.

ಸಿ ಬಗ್ಗೆ ತರಗತಿಯಲ್ಲಿ ಹೆಚ್ಚು ಚರ್ಚೆಯಾಗುತ್ತದೆ, ಆಗಬೇಕಾದದ್ದೇ. ಯಾರೂ ದಂಡ ಕಟ್ಟಿಲ್ಲ ಎಂದುಕೊಳ್ಳಿ. ದಂಡದ ಭಯವೇ ಇಲ್ಲದಿದ್ದರೆ ಕ್ಯಾಮೆರಾ ಹೇಗೆ ಕೆಲಸ ಮಾಡೀತು ಎಂಬ ಅನುಮಾನ ಬರುತ್ತದೆ. ಹಾಗಾದರೆ ಇದು ವಾದವನ್ನು ಅಲುಗಾಡಿಸುತ್ತದಲ್ಲವೇ? ಸ್ವಲ್ಪ ಅಲುಗಾಡಿಸುತ್ತದೆ. ಆದರೆ ಅಲ್ಲಿಗೆ ತಲುಪಲು ನೀವೇ ಒಂದು ಕೊಂಡಿ ಸೇರಿಸಬೇಕಾಯಿತು. ದಂಡ ವಸೂಲಾಗುತ್ತಿಲ್ಲ ಎಂಬುದು ಸವಾರರಿಗೆಲ್ಲ ಗೊತ್ತಿದೆ, ಹಾಗಾಗಿ ಅವರು ಕ್ಯಾಮೆರಾಕ್ಕೆ ಹೆದರುವುದಿಲ್ಲ ಎಂಬ ಕೊಂಡಿ ಅದು. ಕ್ಯಾಮೆರಾ ಕಂಡ ಕೂಡಲೇ ದಂಡದ ಲೆಕ್ಕ ಹಾಕದೆ ಬ್ರೇಕ್ ಒತ್ತುವವರು ಬೇಕಾದಷ್ಟಿದ್ದಾರೆ. ಹೀಗೆ ನಿಮ್ಮ ಕೈಯಿಂದ ಸಾಮಾನು ಹಾಕಿದರೆ ಮಾತ್ರ ಕೆಲಸ ಮಾಡುವ ಆಯ್ಕೆ, ತಾನಾಗಿ ಕೆಲಸ ಮಾಡುವ ಆಯ್ಕೆಯ ಎದುರು ಸೋಲುತ್ತದೆ. ಪ್ರಶ್ನೆಯಲ್ಲಿ "ಎಲ್ಲಕ್ಕಿಂತ ಹೆಚ್ಚು" ಎಂಬ ಮಾತು ಸುಮ್ಮನೆ ಇರುವುದಿಲ್ಲ.

ಡಿ ಯಾವ ಸಹಾಯವೂ ಇಲ್ಲದೆ ನಿಲ್ಲುತ್ತದೆ. ಕ್ಯಾಮೆರಾ ಇಲ್ಲದ ವೃತ್ತಗಳಲ್ಲೂ ಶೇ 30ರಷ್ಟೇ ಇಳಿದಿದ್ದರೆ ಕ್ಯಾಮೆರಾಕ್ಕೆ ಸಿಗಬೇಕಾದ ಶ್ರೇಯ ಮಾಯ. ಮೇಲ್ಸೇತುವೆಯೋ ಮೆಟ್ರೋವೋ ಬಂದು ಇಡೀ ನಗರದ ಸಂಚಾರವೇ ಕಡಿಮೆಯಾಗಿರಬಹುದು. ಅಲ್ಲೆಲ್ಲ ಅಪಘಾತ ಇಳಿಯದೆ ಇದ್ದರೆ, ಅಥವಾ ಏರಿದ್ದರೆ, ಕ್ಯಾಮೆರಾಗಳ ಪರ ವಾದ ಗಟ್ಟಿಯಾಯಿತು. ಇ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಡಿಗೆ ಇನ್ನೊಂದು ಗುಣವಿದೆ, ಅದನ್ನು ಕೋಚಿಂಗ್ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಪಾಲಿಕೆ ಆರಿಸಿದ್ದು ಕಳೆದ ವರ್ಷ ಅತಿ ಹೆಚ್ಚು ಅಪಘಾತ ಆದ ವೃತ್ತಗಳನ್ನು. ಯಾವುದೇ ವೃತ್ತದ ಅಪಘಾತದ ಲೆಕ್ಕ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಒಂದು ವರ್ಷ ಪಟ್ಟಿಯ ತುದಿಗೆ ಏರಿದ ವೃತ್ತಗಳಲ್ಲಿ ಕೆಲವು ದುರದೃಷ್ಟದಿಂದ ಅಲ್ಲಿಗೆ ಏರಿರುತ್ತವೆ. ಮರುವರ್ಷ ಯಾರೂ ಏನೂ ಮಾಡದಿದ್ದರೂ ಅವು ತಮ್ಮ ಸರಾಸರಿಯ ಕಡೆಗೆ ಇಳಿಯುವ ಸಂಭವವೇ ಹೆಚ್ಚು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಮೊದಲ ಪಂದ್ಯದಲ್ಲಿ ದ್ವಿಶತಕ ಬಾರಿಸಿದವನು ಎರಡನೆಯದರಲ್ಲಿ ಅಷ್ಟು ಹೊಡೆಯದಿರುವುದಕ್ಕೆ ಸೊಕ್ಕು ತಲೆಗೇರಿದ್ದೇ ಕಾರಣ ಎನ್ನಬೇಕಿಲ್ಲ. ಇಷ್ಟೇ ಕೆಟ್ಟ ದಾಖಲೆಯಿದ್ದು ಕ್ಯಾಮೆರಾ ಹಾಕದೆ ಬಿಟ್ಟ ವೃತ್ತಗಳ ಜೊತೆ ಹೋಲಿಸಿದರೆ ಈ ಗೊಂದಲವೂ ಬಗೆಹರಿಯುತ್ತದೆ. "ಎತ್ತಿ ತೋರುವಷ್ಟು ಕೆಟ್ಟದ್ದನ್ನು ಆರಿಸಿ, ಮದ್ದು ಮಾಡಿ, ಸುಧಾರಿಸಿತು" ಎನ್ನುವ ವಾದ ಕಂಡಲ್ಲೆಲ್ಲ ಹೀಗೆ ಅನುಮಾನಪಡಬಹುದು.

ಈಗ ಪುರಾವೆಯಲ್ಲಿ ಒಂದಕ್ಷರವನ್ನೂ ಮುಟ್ಟದೆ ತೀರ್ಮಾನವನ್ನು ಮಾತ್ರ ಬದಲಿಸೋಣ. "ಹಾಗಾಗಿ ಅಪಘಾತ ತಗ್ಗಿಸಲು ಪಾಲಿಕೆಯ ಹಣಕ್ಕೆ ಅತ್ಯಂತ ಒಳ್ಳೆಯ ಬಳಕೆ ಎಂದರೆ ಕ್ಯಾಮೆರಾ." ತಕ್ಷಣ ಎ ಜೀವ ಪಡೆಯಿತು. ಒಂದು ಕ್ಯಾಮೆರಾದ ಖರ್ಚಿನಲ್ಲಿ ಐವತ್ತು ರಸ್ತೆಯುಬ್ಬು ಹಾಕಬಹುದಾದರೆ ಈ ತೀರ್ಮಾನ ತತ್ತರಿಸುತ್ತದೆ. ಇನ್ನೊಮ್ಮೆ ಬದಲಿಸಿ: "ಹಾಗಾಗಿ ನಗರದ ಒಟ್ಟು ಅಪಘಾತಗಳು ಗಣನೀಯವಾಗಿ ಇಳಿದಿವೆ." ಈಗ ಕಸದ ಬುಟ್ಟಿಗೆ ಹಾಕಿದ್ದ ಬಿಯೇ ಬೇಕಾಯಿತು. ಒಂದು ಸಂಗತಿ ಪ್ರಸ್ತುತವೋ ಅಲ್ಲವೋ ಎಂಬುದು ಆ ಸಂಗತಿಯ ಮೈಯಲ್ಲಿ ಅಂಟಿಕೊಂಡು ಬಂದ ಗುಣವಲ್ಲ, ತೀರ್ಮಾನ ಏನೆಂಬುದರ ಮೇಲೆ ನಿಂತಿದೆ. ವಿಷಯಕ್ಕೆ ಸಂಬಂಧಪಟ್ಟಿದೆ ಎಂಬ ಒಂದೇ ಕಾರಣಕ್ಕೆ ಆಯ್ಕೆಯನ್ನು ಗುರುತು ಹಾಕುವವರು ತೀರ್ಮಾನವನ್ನು ಸರಿಯಾಗಿ ಓದಿರುವುದಿಲ್ಲ. ನನ್ನ ಪ್ರಕಾರ ಈ ವಿಭಾಗದಲ್ಲಿ ಕಳೆದುಕೊಳ್ಳುವ ಅಂಕಗಳಲ್ಲಿ ಬಹುಪಾಲು ಇಲ್ಲೇ ಸೋರುತ್ತದೆ, ತರ್ಕ ಬಾರದ್ದರಿಂದ ಅಲ್ಲ.

ಹಸಿ ಸೌದೆಯ ಪ್ರಶ್ನೆ

ನ್ಯಾಯಶಾಸ್ತ್ರ, ಅಂದರೆ ಕಾನೂನಲ್ಲ, ನಮ್ಮ ಹಳೆಯ ತರ್ಕಶಾಸ್ತ್ರ ಕಲಿತವರಿಗೆ ಬೆಟ್ಟದ ಹೊಗೆಯ ಉದಾಹರಣೆ ಗೊತ್ತು. ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ಸರಿಯಾದ ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಇದನ್ನೇ ತಿರುಗಿಸಿ, ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಎಂದರೆ ನೈಯಾಯಿಕರು ಒಪ್ಪುವುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ? ಹೊಗೆ ಬರಬೇಕಾದರೆ ಬೆಂಕಿಗೆ ಹಸಿ ಸೌದೆಯೂ ಸೇರಬೇಕು. ಹೀಗೆ ವಾದದಲ್ಲಿ ಹೇಳದೆ ಬಿಟ್ಟ, ಆದರೆ ನಿಜವಾಗಿ ಕೆಲಸ ಮಾಡುತ್ತಿರುವ ಷರತ್ತನ್ನು ಅವರು ಉಪಾಧಿ ಎಂದರು. ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಗಳಲ್ಲಿ ಬಹಳಷ್ಟು ಕೇಳುವುದು ಇದನ್ನೇ: ಇಲ್ಲಿ ಹಸಿ ಸೌದೆ ಯಾವುದು?

ಈ ಪ್ರಶ್ನೆ ಕೇಳದೆ ಹೋದರೆ ಎಂಥ ಪ್ರಮಾದವಾಗಬಹುದು ಎನ್ನುವುದಕ್ಕೆ ವೈದ್ಯಲೋಕದಲ್ಲಿ ದೊಡ್ಡ ಉದಾಹರಣೆಯಿದೆ. ಮುಟ್ಟು ನಿಂತ ಮಹಿಳೆಯರಿಗೆ ಹಾರ್ಮೋನ್ ಮಾತ್ರೆ ಕೊಡುವ ಚಿಕಿತ್ಸೆ ಅಮೆರಿಕದಲ್ಲಿ 1980-90ರ ದಶಕಗಳಲ್ಲಿ ಬಹಳ ಜನಪ್ರಿಯವಾಗಿತ್ತು. ಸಾವಿರಾರು ದಾದಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನವೂ ಸೇರಿ ಹಲವು ವರದಿಗಳು ಒಂದೇ ಮಾತು ಹೇಳುತ್ತಿದ್ದವು. ಹಾರ್ಮೋನ್ ತೆಗೆದುಕೊಳ್ಳುವ ಮಹಿಳೆಯರಲ್ಲಿ ಹೃದ್ರೋಗ ಕಡಿಮೆ. ಪುರಾವೆ ಸುಳ್ಳಾಗಿರಲಿಲ್ಲ. ಆ ಮಹಿಳೆಯರಲ್ಲಿ ಹೃದ್ರೋಗ ನಿಜಕ್ಕೂ ಕಡಿಮೆಯೇ ಇತ್ತು. ಅದರಿಂದ ಹೊರಟ ತೀರ್ಮಾನ: ಹಾರ್ಮೋನ್ ಹೃದಯವನ್ನು ಕಾಪಾಡುತ್ತದೆ.

ಪರೀಕ್ಷೆಯ ಕಣ್ಣಿನಿಂದ ಇದನ್ನು ನೋಡಿದರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ಮತ್ತು ತೆಗೆದುಕೊಳ್ಳದವರು ಬೇರೆ ವಿಷಯಗಳಲ್ಲಿ ಒಂದೇ ತರಹದವರೇ? ಅಲ್ಲ. ತೆಗೆದುಕೊಳ್ಳುತ್ತಿದ್ದವರು ಒಟ್ಟಾರೆ ಹೆಚ್ಚು ಓದಿದವರು, ಉಳ್ಳವರು, ತಪ್ಪದೆ ಡಾಕ್ಟರ ಬಳಿ ಹೋಗುವವರು, ದೇಹದ ಬಗ್ಗೆ ಕಾಳಜಿ ಇದ್ದವರು. ಹೃದಯ ಚೆನ್ನಾಗಿರಲು ಅಷ್ಟು ಸಾಕಲ್ಲ! ಇದನ್ನು ಬಗೆಹರಿಸಲು ಇದ್ದ ದಾರಿ ಒಂದೇ. ಯಾರಿಗೆ ಹಾರ್ಮೋನ್, ಯಾರಿಗೆ ಸಕ್ಕರೆ ಗುಳಿಗೆಯಂಥ ಹುಸಿ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಎರಡೂ ಗುಂಪುಗಳನ್ನು ಸಮ ಮಾಡಬೇಕು. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಮೆರಿಕದ ಸಂಶೋಧನೆ 50ರಿಂದ 79 ವರ್ಷದ 16,608 ಮಹಿಳೆಯರಲ್ಲಿ ಅದನ್ನೇ ಮಾಡಿತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳನ್ನೂ ಕೊಟ್ಟ ಆ ಪ್ರಯೋಗವನ್ನು 2002ರ ಜುಲೈನಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಿತ್ತು. ಕಾಪಾಡುತ್ತದೆ ಎಂದು ನಂಬಿದ್ದ ಹೃದಯದ ವಿಷಯದಲ್ಲೇ, ಆಗಿನ ವರದಿಯ ಪ್ರಕಾರ, ಅಪಾಯ ಶೇ 29ರಷ್ಟು ಹೆಚ್ಚಾಗಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೂ ಪಾಠವೇ. 2002ರ ಫಲಿತಾಂಶದಿಂದ "ಹಾರ್ಮೋನ್ ಎಲ್ಲರಿಗೂ ಕೆಟ್ಟದ್ದು" ಎಂದು ಹಾರಿದವರಿಗೂ ಅದೇ ತರಹದ ಪ್ರಶ್ನೆ ಎದುರಾಯಿತು. ಪ್ರಯೋಗದಲ್ಲಿದ್ದ ಮಹಿಳೆಯರಲ್ಲಿ ಹೆಚ್ಚಿನವರಿಗೆ ಮುಟ್ಟು ನಿಂತು ಬಹಳ ವರ್ಷಗಳಾಗಿದ್ದವು. ಆಗತಾನೆ ಮುಟ್ಟು ನಿಂತ, ವಯಸ್ಸು ಕಡಿಮೆ ಇರುವವರಿಗೂ ಇದು ಹಾಗೇ ಅನ್ವಯಿಸುತ್ತದೆಯೇ? ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದ ಆಮೇಲಿನ ವಿಶ್ಲೇಷಣೆಗಳಲ್ಲಿ ಅವರ ಲಾಭನಷ್ಟದ ತೂಕ ಬೇರೆಯೇ ಕಂಡಿತು. ಪರೀಕ್ಷೆಯ ಭಾಷೆಯಲ್ಲಿ ಇದು ಇನ್ನೊಂದು ಬಗೆಯ ಬಿರುಕು. ಪುರಾವೆ ಇರುವುದು ಒಂದು ಗುಂಪಿನ ಬಗ್ಗೆ, ತೀರ್ಮಾನ ಇನ್ನೊಂದು ಗುಂಪಿನ ಬಗ್ಗೆ.

ಮಾದರಿ, ಅಂದರೆ ಪರಿಶೀಲನೆಗೆ ಸಿಕ್ಕ ಗುಂಪಿನ ವಿಷಯದಲ್ಲಿ ನಗಿಸುವ ಉದಾಹರಣೆ ನ್ಯೂಯಾರ್ಕಿನ ಬೆಕ್ಕುಗಳದ್ದು. ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪಶುವೈದ್ಯರು ವರದಿ ಪ್ರಕಟಿಸಿದರು. ಸುಮಾರು ಏಳನೇ ಮಹಡಿವರೆಗೆ ಎತ್ತರ ಹೆಚ್ಚಿದಂತೆ ಗಾಯವೂ ಹೆಚ್ಚು, ಅದಕ್ಕೂ ಮೇಲಿನಿಂದ ಬಿದ್ದರೆ ಗಾಯ ಕಡಿಮೆ! ಒಂದು ವೇಗ ಮುಟ್ಟಿದ ಮೇಲೆ ಬೆಕ್ಕು ಮೈ ಸಡಿಲಿಸಿ ಬೀಳುತ್ತದೆ ಎಂದು ವಿವರಣೆಯೂ ಸಿಕ್ಕಿತು. ಅದು ನಿಜವೂ ಇದ್ದೀತು. ಆದರೆ ಓದಿದವರಲ್ಲಿ ಹಲವರು ಕೇಳಿದ್ದು: ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರು ಆಸ್ಪತ್ರೆಗೆ ತರುತ್ತಾರೆ? ಈ ಒಂದು ಪ್ರಶ್ನೆಗೆ ಎರಡೂ ತುದಿಯ ಉತ್ತರ ಕೊಟ್ಟು ನೋಡಿ. ಮೇಲಿನ ಮಹಡಿಗಳಿಂದ ಬಿದ್ದವು ಹೆಚ್ಚಾಗಿ ಅಲ್ಲೇ ಸತ್ತಿದ್ದರೆ ತೀರ್ಮಾನ ಉರುಳಿತು. ಹಾಗೆ ಸತ್ತವು ತೀರಾ ವಿರಳವಾಗಿದ್ದರೆ ನಿಂತಿತು.

ಮಾದರಿ ದೊಡ್ಡದಿದ್ದರೆ ಸಾಕು ಎನ್ನುವವರಿಗೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ನೆನಪಿಸಬೇಕು. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರದ ಮಾದರಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅವನ್ನು ಎಣಿಸಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ವಿಳಾಸಗಳನ್ನು ತೆಗೆದದ್ದು ಬಹುಪಾಲು ಟೆಲಿಫೋನ್ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಯಾರ ಬಳಿ ಇದ್ದವು? ಜೊತೆಗೆ, ಉತ್ತರ ಬರೆದು ಕಳಿಸುವಷ್ಟು ಹುರುಪು ಯಾರಿಗಿತ್ತು?

ಎಷ್ಟು ಮಂದಿ, ಎಷ್ಟರಲ್ಲಿ

ಸಂಖ್ಯೆಗಳಿರುವ ವಾದಗಳಲ್ಲಿ ಪದೇ ಪದೇ ಬರುವ ಬಲೆ ಒಂದಿದೆ. ಕಲ್ಪಿತ ಉದಾಹರಣೆ: "ಬೈಕ್ ಅಪಘಾತದಲ್ಲಿ ಸತ್ತ ಹತ್ತು ಮಂದಿಯಲ್ಲಿ ಆರು ಮಂದಿ ಹೆಲ್ಮೆಟ್ ಹಾಕಿದ್ದರು. ಹಾಗಾಗಿ ಹೆಲ್ಮೆಟ್‌ನಿಂದ ಪ್ರಯೋಜನವಿಲ್ಲ." ಕೇಳಬೇಕಾದದ್ದು, ಒಟ್ಟು ಸವಾರರಲ್ಲಿ ಹೆಲ್ಮೆಟ್ ಹಾಕುವವರು ಎಷ್ಟು ಎಂದು. ಸಾವಿರ ಸವಾರರಲ್ಲಿ 900 ಮಂದಿ ಹಾಕುತ್ತಾರೆ ಎಂದುಕೊಳ್ಳಿ. ಆಗ ಹಾಕಿದ 900ರಲ್ಲಿ 6 ಸಾವು, ಹಾಕದ 100ರಲ್ಲಿ 4 ಸಾವು. ಮೊದಲನೆಯದು ಶೇ 0.67, ಎರಡನೆಯದು ಶೇ 4. ಹೆಲ್ಮೆಟ್ ಹಾಕದವರ ಅಪಾಯ ಆರು ಪಟ್ಟು. ಅದೇ ಪುರಾವೆ ಈಗ ಹೆಲ್ಮೆಟ್‌ನ ಪರವಾಗಿ ಸಾಕ್ಷಿ ಹೇಳುತ್ತಿದೆ. ಸಾವಿರದಲ್ಲಿ 300 ಮಂದಿ ಮಾತ್ರ ಹಾಕುವವರಾದರೆ? 300ರಲ್ಲಿ 6 ಎಂದರೆ ಶೇ 2, 700ರಲ್ಲಿ 4 ಎಂದರೆ ಶೇ 0.57. ಆಗ ವಾದಕ್ಕೆ ಒಂದಿಷ್ಟು ಬಲ ಬಂತು. ಎರಡು ಉತ್ತರ, ಎರಡು ದಿಕ್ಕು. ಪರೀಕ್ಷೆ ಬಯಸುವುದು ಇಂಥ ಪ್ರಶ್ನೆಯನ್ನೇ.

ಪ್ರಮಾಣ ಲೆಕ್ಕ ಹಾಕಿದ ಮೇಲೂ ಕೆಲವೊಮ್ಮೆ ಕೆಲಸ ಮುಗಿದಿರುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44, ಹೆಂಗಸರಲ್ಲಿ ಶೇ 35 ಮಂದಿಗೆ ಸೀಟು ಸಿಕ್ಕಿತ್ತು. ತಾರತಮ್ಯ ಕಣ್ಣಿಗೆ ಹೊಡೆಯುವಂತಿದೆ. ಆದರೆ ವಿಭಾಗವಾರು ನೋಡಿದಾಗ ಚಿತ್ರ ಬದಲಾಯಿತು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಯಾರಿಗೇ ಆದರೂ ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ. ಇದು 1975ರಲ್ಲಿ ಪ್ರಕಟವಾದ ವಿಶ್ಲೇಷಣೆ, ಈಗಲೂ ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಬರುತ್ತದೆ. ಇಲ್ಲಿ ಉಪಯೋಗಕ್ಕೆ ಬಂದ ಪ್ರಶ್ನೆ: ಎರಡು ಗುಂಪಿನವರೂ ಒಂದೇ ಬಗೆಯ ವಿಭಾಗಗಳಿಗೆ ಅರ್ಜಿ ಹಾಕಿದ್ದರೇ? ಆ ಕಾಲದ ಹೆಣ್ಣುಮಕ್ಕಳು ಕೆಲವು ವಿಭಾಗಗಳ ಕಡೆಗೇ ಏಕೆ ಹೋಗುತ್ತಿದ್ದರು ಎಂಬುದು ಬೇರೆ, ಬಹುಶಃ ಇನ್ನೂ ದೊಡ್ಡ ಪ್ರಶ್ನೆ. ಆದರೆ ಅದು ಪ್ರವೇಶ ಸಮಿತಿಯ ತಾರತಮ್ಯದ ಬಗೆಗಿನ ತೀರ್ಮಾನವನ್ನು ತೂಗುವ ಪ್ರಶ್ನೆಯಲ್ಲ.

ಕಾರಣ ಹೇಳುವ ವಾದಗಳ ಜೊತೆಗೆ ಯೋಜನೆ ಮುಂದಿಡುವ ವಾದಗಳೂ ಬರುತ್ತವೆ. ದರ್ಶಿನಿಯೊಂದರ ಮಾಲೀಕರು ಕಾಫಿಗೆ ಪೇಪರ್ ಕಪ್ ಬಿಟ್ಟು ಸ್ಟೀಲ್ ಲೋಟ ತರುತ್ತಾರೆ. ಪೇಪರ್ ಕಪ್ ದಿನಾ ಕೊಳ್ಳಬೇಕು, ಲೋಟ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಆದ್ದರಿಂದ ಕಾಫಿ ಕೊಡುವ ಖರ್ಚು ಇಳಿಯುತ್ತದೆ ಎಂಬುದು ಅವರ ಲೆಕ್ಕ. ತೊಳೆಯುವ ನೀರು, ಸೋಪು, ಆಳಿನ ಸಂಬಳ ಎಷ್ಟಾಗುತ್ತದೆ ಎಂದು ಕೇಳುವುದು ಸರಿ. ಲೋಟಗಳು ಎಷ್ಟು ಕಾಣೆಯಾಗುತ್ತವೆ ಎಂದು ಕೇಳುವುದೂ ಸರಿಯೇ. ಗಿರಾಕಿಗಳಿಗೆ ಸ್ಟೀಲ್ ಲೋಟ ಇಷ್ಟವೇ ಎಂಬುದು? ಫಿಲ್ಟರ್ ಕಾಫಿಯನ್ನು ಸ್ಟೀಲ್ ಲೋಟದಲ್ಲೇ ಕುಡಿಯಬೇಕು ಎನ್ನುವ ನನ್ನಂಥವರಿಗೆ ಅದು ಬಹಳ ಮುಖ್ಯವಾದ ಪ್ರಶ್ನೆ, ಆದರೆ ಈ ತೀರ್ಮಾನಕ್ಕಲ್ಲ. "ಖರ್ಚು ಇಳಿಯುತ್ತದೆ" ಎಂದಿದ್ದದ್ದು "ಲಾಭ ಏರುತ್ತದೆ" ಎಂದಾಗಿದ್ದರೆ ಮಾತ್ರ ಅದಕ್ಕೆ ಬಾಗಿಲು ತೆರೆಯುತ್ತಿತ್ತು.

ಗಡಿಯಾರದ ಎದುರು

ಜಿಮ್ಯಾಟ್‌ನ ವರ್ಬಲ್‌ನಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಒಂದಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ. ಎಲ್ಲ ಆಯ್ಕೆಗೂ ಎರಡು ತುದಿಯ ಉತ್ತರ ಕಲ್ಪಿಸುತ್ತ ಕೂತರೆ ಹೊತ್ತು ಹೋಗುತ್ತದೆ. ಹಾಗಾಗಿ ಆ ಪರೀಕ್ಷೆಯನ್ನು ಕೊನೆಗೆ ಉಳಿದ ಎರಡು ಆಯ್ಕೆಗಳಿಗೆ ಇಟ್ಟುಕೊಳ್ಳುವುದು ಜಾಣತನ. ಅದಕ್ಕೂ ಮೊದಲು ಮಾಡಬೇಕಾದದ್ದು, ತೀರ್ಮಾನದ ವಾಕ್ಯವನ್ನು ಹುಡುಕಿ ಮನಸ್ಸಿನಲ್ಲೇ ಒಮ್ಮೆ ನಮ್ಮ ಮಾತಿನಲ್ಲಿ ಹೇಳಿಕೊಳ್ಳುವುದು. ಅದು ಯಾವಾಗಲೂ ಕೊನೆಯ ವಾಕ್ಯವೇ ಆಗಿರಬೇಕಿಲ್ಲ. ವಾದದ ಮೊದಲಲ್ಲೇ ತೀರ್ಮಾನ ಹೇಳಿ ಆಮೇಲೆ ಪುರಾವೆ ಜೋಡಿಸುವ ಪ್ರಶ್ನೆಗಳು ಸಾಕಷ್ಟಿವೆ. ಇಂಗ್ಲಿಷಿನಲ್ಲಿ ಓದಿದ್ದನ್ನು ಒಳಗೊಳಗೇ ಕನ್ನಡದಲ್ಲಿ ಹೇಳಿಕೊಳ್ಳುವವರಿಗೆ ಇದು ನಿಧಾನದ ದಾರಿ ಎನ್ನಿಸಬಹುದು. ನನಗೆ ಹಾಗೇನೂ ಅನ್ನಿಸಿಲ್ಲ. ಸ್ವಂತ ಮಾತಿನಲ್ಲಿ ಹೇಳಲು ಬಾರದ ತೀರ್ಮಾನವನ್ನು ನೀವು ಇನ್ನೂ ಓದಿಲ್ಲ ಎಂದೇ ಅರ್ಥ.

ಜಿಮ್ಯಾಟ್‌ನ ಡೇಟಾ ಇನ್‌ಸೈಟ್ಸ್ ಎಂಬ, ಅಂಕಿ-ಮಾಹಿತಿ ಓದಿ ಉತ್ತರಿಸುವ ಭಾಗದಲ್ಲಿರುವ ಡೇಟಾ ಸಫಿಶಿಯನ್ಸಿ ಪ್ರಶ್ನೆಗಳು ಈ ಅಭ್ಯಾಸಕ್ಕೆ ಒಳ್ಳೆಯ ಜೊತೆ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಇವು ಪರಿಚಿತ. ಅಲ್ಲಿಯೂ ಉತ್ತರ ಕಂಡುಹಿಡಿಯುವುದು ಕೆಲಸವಲ್ಲ. ಉತ್ತರ ಕಂಡುಹಿಡಿಯಲು ಈ ಮಾಹಿತಿ ಸಾಲುತ್ತದೆಯೇ ಎಂದು ಹೇಳಬೇಕು. ಲೆಕ್ಕವನ್ನು ಪೂರ್ತಿ ಮಾಡಿಯೇ ತೀರುತ್ತೇನೆ ಎಂಬ ಹಠವಿದ್ದವರಿಗೆ ಎರಡೂ ಕಡೆ ತೊಂದರೆ.

ಸಿಸ್ಯಾಟ್ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಗದ್ಯಭಾಗ ಕೊಟ್ಟು, ಅದರ ಹಿಂದಿರುವ ಊಹೆ ಯಾವುದು, ಅದರಿಂದ ಹೊರಡುವ ತೀರ್ಮಾನ ಯಾವುದು ಎಂದು ಕೇಳುತ್ತಾರೆ. ವಿಷಯ ಕೃಷಿ, ಹವಾಮಾನ, ಆಡಳಿತ ಹೀಗೆ ಸಾಮಾನ್ಯ ಅಧ್ಯಯನದಲ್ಲಿ ಓದಿದ್ದೇ ಇರುತ್ತದೆ. ಆಯ್ಕೆಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ, ನೂರಕ್ಕೆ ನೂರು ಸತ್ಯವಾದ ಹೇಳಿಕೆಯೊಂದು ಕೂತಿರುತ್ತದೆ. ಗದ್ಯಭಾಗದ ವಾದಕ್ಕೆ ಅದು ಬೇಕಿಲ್ಲದಿದ್ದರೆ ಅದು ತಪ್ಪು ಉತ್ತರ. ಊಹೆಯನ್ನು ಪತ್ತೆ ಹಚ್ಚಲು ಆ ಹೇಳಿಕೆಯನ್ನು ತಿರುವಿ ಹಾಕಿ ನೋಡಿ. ಅದು ಸುಳ್ಳಾದರೂ ವಾದ ನಿಲ್ಲುತ್ತದೆ ಎಂದಾದರೆ ವಾದ ಅದನ್ನು ನೆಚ್ಚಿಕೊಂಡಿರಲಿಲ್ಲ.

ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡಾಗ ಏನು ಮಾಡಬೇಕು ಎಂಬುದು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ. ಎಲ್‌ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವುದು ದಡ್ಡತನ. ಜಿಮ್ಯಾಟ್‌ನಲ್ಲಿ ಉತ್ತರಿಸದೆ ಮುಂದಿನ ಪ್ರಶ್ನೆಗೆ ಹೋಗಲು ಬರುವುದಿಲ್ಲ. ಹೊಸ ರೂಪದಲ್ಲಿ ಪ್ರಶ್ನೆಗೆ ಗುರುತು ಹಾಕಿಟ್ಟು, ವಿಭಾಗದ ಎಲ್ಲ ಪ್ರಶ್ನೆ ಮುಗಿದ ಮೇಲೆ ಸಮಯ ಉಳಿದಿದ್ದರೆ, ಮೂರು ಉತ್ತರಗಳನ್ನು ಬದಲಿಸಬಹುದು. ಸಿಸ್ಯಾಟ್‌ನಲ್ಲಿ ಪ್ರಶ್ನೆಗೆ ಎರಡೂವರೆ ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಳೆಯುತ್ತದೆ. 200ಕ್ಕೆ ಶೇ 33 ಬಂದರೆ ಪಾಸು, ಅದಕ್ಕಿಂತ ಹೆಚ್ಚು ಬಂದದ್ದು ರ್‍ಯಾಂಕಿಂಗ್‌ಗೆ ಸೇರುವುದಿಲ್ಲ. ನಾಲ್ಕರಲ್ಲಿ ಎರಡನ್ನು ಕಾರಣ ಕೊಟ್ಟು ಹೊಡೆದು ಹಾಕಿದ್ದರೆ ಉಳಿದ ಎರಡರಲ್ಲಿ ಒಂದನ್ನು ಆರಿಸುವುದು ಲೆಕ್ಕದ ಪ್ರಕಾರ ಲಾಭವೇ. ನಾಲ್ಕೂ ಒಂದೇ ತರಹ ಕಾಣುತ್ತಿದ್ದರೆ ಲೆಕ್ಕಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಗ ಬಿಟ್ಟು ಮುಂದಿನ ಗದ್ಯಭಾಗಕ್ಕೆ ಹೋಗಿ.